ಅಂಗಳ ತೊಳೆದ ಓನರಮ್ಮ

ನಮ್ಮ ಓನರಮ್ಮನ ಎಡಗೈ ಕಿರುಬೆರಳಿಗೆ ಉಗುರಿರಲಿಲ್ಲ. ಉಗುರಿರಬೇಕಾದ ಕಡೆ ನುಣ್ಣನೆಯ ಗಂಟೊಂದಿತ್ತು. ಎಡಗೈಯಲ್ಲಿ ಹುಲ್ಲು ಹಿಡಿದು ಬಲಗೈಯಲ್ಲಿ ಕುಡುಗೋಲು ಎಳೆಯುವವರಿಗೆ ಒಂದಲ್ಲ ಒಂದು ದಿನ ಆಗುವಂಥದ್ದೇ. ಮನೆ ಕೇಳಿಕೊಂಡು ಹೋದ ದಿನ ನಾನು ಆ ಬೆರಳನ್ನೇ ನೋಡುತ್ತಿದ್ದುದು ಅವರ ಕಣ್ಣಿಗೆ ಬಿತ್ತು. "ಉಲ್ಲಿಗೆ ಕೊಟ್ಟ ಬಾಡ್ಗೆ ಕಣವ್ವಾ. ನೀನು ನಂಗೆ ಕೊಡು, ನಾನು ಅದುಕ್ಕೆ ಕೊಡ್ತೀನಿ" ಎಂದರು. ನಾನು ಅಲ್ಲೇ ಅಡ್ವಾನ್ಸ್ ಕೊಟ್ಟುಬಿಟ್ಟೆ.

ಅವರ ಮನೆ ಜಕ್ಕೂರಿನ ಹಳೇ ಊರಿನಲ್ಲಿತ್ತು. ಮುಂದೆ ಅವರು, ಮಗ, ಸೊಸೆ. ಪಕ್ಕದ ಸಾಲಿನಲ್ಲಿ ನಾವು ಬಾಡಿಗೆಯವರು. ಹಿಂದೆ ಕೊಟ್ಟಿಗೆ, ಎರಡು ಹಸು, ಒಂದಿಷ್ಟು ಖಾಲಿ ಜಾಗ. ಸುತ್ತಲಿನ ಹೊಲಗಳೆಲ್ಲ ಅಪಾರ್ಟ್‌ಮೆಂಟುಗಳಾಗಿ ಆಕಾಶಕ್ಕೆ ಏರಿದ್ದರೂ ಓನರಮ್ಮ ಮಾತ್ರ ಮಧ್ಯಾಹ್ನ ಕೆರೆಯ ಕಡೆ ಹೋಗಿ ಹುಲ್ಲಿನ ಹೊರೆ ಹೊತ್ತು ತರುತ್ತಿದ್ದರು. ಎಪ್ಪತ್ತರ ಹತ್ತಿರದ ಹೆಂಗಸು. ಹದಿನಾರನೆಯ ಮಹಡಿಯವರೂ ಅವರ ಹಾಲಿಗೆ ಪಾತ್ರೆ ಹಿಡಿದು ಕೆಳಗಿಳಿದು ಬರುತ್ತಿದ್ದರು.

ಅವರ ಬಾಯಿ ಕೆಟ್ಟದ್ದು. "ಕುಯ್ದಾಕ್ಬುಡ್ತೀನಿ" ಎನ್ನದೆ ಅವರ ದಿನ ಮುಗಿಯುತ್ತಿರಲಿಲ್ಲ. ಒಣಹಾಕಿದ ಸಂಡಿಗೆಗೆ ಬಾಯಿ ಹಾಕಿದ ಕಾಗೆಗೆ, ರಂಗೋಲಿಯ ಮೇಲೆ ಸ್ಕೂಟರ್ ಹತ್ತಿಸಿದವನಿಗೆ, ಮೋಟರ್ ಆರಿಸುವುದನ್ನು ಮರೆತ ನನಗೆ, ಎಲ್ಲರಿಗೂ ಅದೇ ಆಶೀರ್ವಾದ. ನನ್ನನ್ನು ಹಾಗೆ ಬೈದ ಮಾರನೆಯ ದಿನ ಹಸು ಕರು ಹಾಕಿತು. ಬಟ್ಟಲು ತುಂಬ ಗಿಣ್ಣು ತಂದುಕೊಟ್ಟು, ನಾನು ತಿನ್ನುವವರೆಗೂ ಬಾಗಿಲಲ್ಲೇ ನಿಂತಿದ್ದರು.

ಒಂದು ವಿಷಯದಲ್ಲಿ ಮಾತ್ರ ಅವರು ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಸಂಜೆ ದೀಪ ಹಚ್ಚುವ ಮೊದಲು ಅಂಗಳ ಶುಚಿಯಾಗಬೇಕು. ಕಸ, ಎಂಜಲು, ಕೋಳಿಯ ಹಿಕ್ಕೆ, ಏನೇ ಇರಲಿ, ನೀರು ಹಾಕಿ ತೊಳೆದು, ಕುಡುಗೋಲನ್ನೂ ತೊಳೆದು ಸೂರಿಗೆ ಸಿಕ್ಕಿಸಿದ ಮೇಲೆಯೇ ಬೆಂಕಿಕಡ್ಡಿ ಗೀರುವುದು. ಬೇಸಿಗೆಯಲ್ಲಿ ನಾವು ಟ್ಯಾಂಕರಿಗೆ ಕಾಯುತ್ತ ಕೂತಿದ್ದಾಗಲೂ ಅವರ ಅಂಗಳಕ್ಕೆ ನೀರು ಬೀಳುತ್ತಿತ್ತು. ಅದಕ್ಕಾಗಿ ನಾವೆಲ್ಲ ಹಿಂದಿನಿಂದ ಗೊಣಗಿದ್ದೇವೆ.

ಕೊಟ್ಟಿಗೆಯ ಜಾಗದ ಮೇಲೆ ಒಬ್ಬ ಏಜೆಂಟನಿಗೆ ಕಣ್ಣಿತ್ತು. ಮಗ ಆಗಲೇ ಒಪ್ಪಿ ರುಜು ಹಾಕಿದ್ದ. ತಾಯಿ ಹಾಕಿರಲಿಲ್ಲ. ಏಜೆಂಟ್ ಮೊದಮೊದಲು ಹಣ್ಣು ತರುತ್ತಿದ್ದ. ಆಮೇಲೆ ಬರಿಗೈಯಲ್ಲಿ ಬಂದ. ಕೊನೆಕೊನೆಗೆ ಕುಡಿದು ಬರತೊಡಗಿದ. ಆ ದಿನ ಮಧ್ಯಾಹ್ನ ಅವನು ಬಂದಾಗ ಮನೆಯಲ್ಲಿದ್ದವಳು ಸೊಸೆ ಒಬ್ಬಳೇ. ಮುದುಕಿಯ ಜಾಗದ ಪತ್ರಗಳೆಲ್ಲಿ ಎಂದು ಕೇಳಿದ. ಗೊತ್ತಿಲ್ಲ ಎಂದಳು. ಅವಳನ್ನು ಅಂಗಳದ ಗೋಡೆಗೆ ಒತ್ತಿ ಎರಡೂ ಕೈಯಲ್ಲಿ ಕತ್ತು ಹಿಸುಕಿದ. ಹುಲ್ಲಿನ ಹೊರೆಯೊಂದಿಗೆ ಗೇಟು ದಾಟಿದ ಓನರಮ್ಮ ನೋಡಿದ್ದು ಮೇಲಕ್ಕೆ ಸರಿದ ಸೊಸೆಯ ಕಣ್ಣುಗಳನ್ನು. ಹೊರೆ ಎಸೆದರು. ಕುಡುಗೋಲು ಕೈಯಲ್ಲೇ ಇತ್ತು.

ಏಟು ಬಿದ್ದದ್ದು ಕತ್ತಿನ ಪಕ್ಕಕ್ಕೆ. ಅವನು ಅಂಗಳದಲ್ಲಿ ಕುಸಿದ. ಬೀದಿಯವರನ್ನು ಕೂಗಿ ಕರೆದವರು ಓನರಮ್ಮನೇ; ತಮ್ಮ ಸೀರೆಯ ಸೆರಗು ಹರಿದು ಅವನ ಗಾಯಕ್ಕೆ ಒತ್ತಿ ಹಿಡಿದವರೂ ಅವರೇ. ಆಟೋದಲ್ಲಿ ಹಾಕಿ ಕಳಿಸುವಾಗ ಅವನಿಗೆ ಉಸಿರಿತ್ತು. ಆಸ್ಪತ್ರೆ ತಲುಪುವ ಹೊತ್ತಿಗೆ ಇರಲಿಲ್ಲ.

ನಾನು ಕೆಲಸ ಮುಗಿಸಿ ಬಂದಾಗ ಇದೊಂದೂ ತಿಳಿದಿರಲಿಲ್ಲ. ಓನರಮ್ಮ ಸೆರಗಿಲ್ಲದ ಸೀರೆಯನ್ನು ಸೊಂಟಕ್ಕೆ ಬಿಗಿದು, ಪೊರಕೆಯಿಂದ ಕೆಂಪು ನೀರನ್ನು ಚರಂಡಿಗೆ ತಳ್ಳುತ್ತಿದ್ದರು. ಕುಡುಗೋಲು ತೊಳೆದು ಸಿಕ್ಕಿಸಿಯಾಗಿತ್ತು. ಆಮೇಲೆ ದೀಪ ಹಚ್ಚಿದರು, ಸೊಸೆಗೆ ಬಿಸಿನೀರು ಕುಡಿಸಿದರು, ಹಾಲು ಕರೆದರು. ಪೊಲೀಸರು ಬಂದಾಗ ಹಾಲಿನ ಪಾತ್ರೆ ಒಳಗಿಟ್ಟು, ಬಾಗಿಲು ಎಳೆದುಕೊಂಡು, ಜೀಪು ಹತ್ತಿದರು.

ಪ್ರಾಣ ಉಳಿಸಲು ಪ್ರಾಣ ತೆಗೆಯಬಹುದು, ತನ್ನದೇ ಆಗಲಿ, ಪರರದೇ ಆಗಲಿ. ಕಾನೂನು ಹಾಗೆಯೇ ಹೇಳುತ್ತದೆ ಎಂದು ಓನರಮ್ಮನ ಪರ ವಕೀಲರು ನಮಗೆ ಬಿಡಿಸಿ ಹೇಳಿದರು. ಆದರೆ ಪ್ರಾಣ ಹೋದೀತೆಂಬ ಭಯ ಇರಬೇಕು, ಆ ಭಯ ಇರುವಷ್ಟು ಹೊತ್ತು ಮಾತ್ರ ಆ ಹಕ್ಕೂ ಇರುತ್ತದೆ. ಓನರಮ್ಮನಿಗೆ ಅವರು ಪದೇಪದೇ ಹೇಳಿಕೊಟ್ಟರು: "ಅಜ್ಜಿ, ಭಯ ಆಯ್ತು ಅಂತ ಹೇಳ್ಬೇಕು. ಅಷ್ಟೇ ಸಾಕು." ಆ ಒಂದು ಮಾತು ಅವರ ನಾಲಗೆ ಮೇಲೆ ಕೂರಲೇ ಇಲ್ಲ. ಗಂಡ ಸತ್ತ ಮೇಲೆ ಮೂವತ್ತು ವರ್ಷ ಭಯವಿಲ್ಲ ಎಂದು ತೋರಿಸಿಕೊಂಡೇ ಆ ಜಾಗ ಉಳಿಸಿಕೊಂಡವರು, ಈಗ ಕಲಿಯಿರಿ ಎಂದರೆ ಎಲ್ಲಿಂದ ಕಲಿತಾರು?

ಕೋರ್ಟಿನಲ್ಲಿ ಸರ್ಕಾರಿ ವಕೀಲರು ನನ್ನನ್ನೂ ನಿಲ್ಲಿಸಿದರು. ಆಕೆ ಏಜೆಂಟನಿಗೆ ಕುಯ್ಯುತ್ತೇನೆ ಎಂದದ್ದು ನಿಜವೇ ಎಂದು ಕೇಳಿದರು. ನಿಜ, ನನಗೂ ಹೇಳಿದ್ದಾರೆ, ಕಾಗೆಗೂ ಹೇಳಿದ್ದಾರೆ ಎಂದೆ. ಕೆಲವರು ನಕ್ಕರು. ಬರೆದುಕೊಂಡದ್ದು ಮಾತ್ರ 'ನಿಜ' ಎಂಬಷ್ಟನ್ನೇ. ಮಗ ಕಟಕಟೆ ಹತ್ತಿ, ಅಮ್ಮನಿಗೆ ಮೊದಲಿಂದಲೂ ಅವನ ಮೇಲೆ ಹಗೆ ಇತ್ತು ಎಂದ. ತಾಯಿಯ ಕಡೆ ಒಮ್ಮೆಯೂ ನೋಡಲಿಲ್ಲ. ಏಜೆಂಟ್ ಕೈ ಬಿಟ್ಟ ಮೇಲೆ ಏಟು ಬಿತ್ತೋ ಮೊದಲೇ ಬಿತ್ತೋ ಎಂದು ಸೊಸೆಯನ್ನು ಕೇಳಿದರು. ಕಣ್ಣು ಕತ್ತಲೆ ಕಟ್ಟಿತ್ತು, ಗೊತ್ತಾಗಲಿಲ್ಲ ಎಂದಳು. ಉಸಿರು ನಿಲ್ಲುತ್ತಿದ್ದವಳು ಅದನ್ನೂ ಗಮನಿಸಿ ಇಟ್ಟುಕೊಳ್ಳಬೇಕಿತ್ತೇನೋ!

ಕೊನೆಗೆ ನ್ಯಾಯಾಧೀಶರು ಓನರಮ್ಮನನ್ನೇ ಕೇಳಿದರು, ರಕ್ತ ಯಾಕೆ ತೊಳೆದಿರಿ ಎಂದು.

"ದೀಪ ಅಚ್ಚೋ ವೊತ್ತು ಸ್ವಾಮಿ. ಬಾಗ್ಲಲ್ಲಿ ರಕ್ತ ಬುಟ್ಕೊಂಡು ಲಕ್ಷ್ಮೀನ ಎಂಗೆ ಒಳೀಕ್ ಕರೀಲಿ?"

ಆಗ ನಿಮಗೆ ಹೆದರಿಕೆ ಇರಲಿಲ್ಲವೇ ಎಂದರು. ನಮ್ಮ ವಕೀಲರು ಕಣ್ಣು ಮುಚ್ಚಿಕೊಂಡರು.

"ನಾನ್ ಎದ್ರಿಕೊಂಡು ಕೂತ್ರೆ ಅಸೀನ್ ಕೆಚ್ಲು ಕಾಯ್ತದಾ?"

ಅಲ್ಲಿಗೆ ಮುಗಿಯಿತು. ಹೆದರಿದ ಹೆಂಗಸು ಕೂತು ಅಳುತ್ತಾಳೆ, ಅಂಗಳ ತೊಳೆದು ಹಾಲು ಕರೆಯುವುದಿಲ್ಲ ಎಂದು ಸರ್ಕಾರಿ ವಕೀಲರು ವಾದಿಸಿದರು. ಆ ಮನುಷ್ಯ ಯಾವ ಊರಿನ ಹೆಂಗಸರನ್ನು ನೋಡಿದ್ದರೋ ಕಾಣೆ. ಸೊಸೆಯನ್ನು ಬಿಡಿಸುವ ಹಕ್ಕು ಆಕೆಗಿತ್ತು, ಆದರೆ ಅವನ ಕೈ ಸಡಿಲವಾದ ಮೇಲೂ ಏಟು ಹಾಕಿದ್ದು ಹಕ್ಕು ಮೀರಿದ್ದು, ಸಾಕ್ಷ್ಯ ತೊಳೆದದ್ದು ತಪ್ಪಿನ ಅರಿವಿದ್ದದ್ದಕ್ಕೆ ಗುರುತು ಎಂದು ತೀರ್ಪಾಯಿತು. ಜೈಲು. ಮೇಲ್ಮನವಿ ಹಾಕಿ, ವಯಸ್ಸು ನೋಡಿ, ಜಾಮೀನು ಸಿಗುವಷ್ಟರಲ್ಲಿ ಎರಡೂ ಹಸುಗಳನ್ನು ಮಗ ಮಾರಿದ್ದ.

ವಾಪಸು ಬಂದ ಓನರಮ್ಮ ಯಾರನ್ನೂ ಬೈಯಲಿಲ್ಲ. ನನಗದು ಸಹಿಸಲಾಗಲಿಲ್ಲ, ಬೇಕೆಂದೇ ಒಂದು ದಿನ ಮೋಟರ್ ಆರಿಸದೆ ಬಿಟ್ಟೆ. ನೀರು ಹರಿದು ಬೀದಿಗೆ ಹೋಯಿತು, ಅವರು ಸುಮ್ಮನೆ ನೋಡಿದರು. ಪಕ್ಕದಲ್ಲಿ ಹೋಗಿ ಕೂತೆ. "ನಾನು ಬೀಸ್ದೆ ಅಂತ್ಲೇ ಅವ್ನು ಕೈ ಬುಟ್ಟಿದ್ದು. ಬೀಸಿದ್ ಕುಡ್ಲು ವಾಪಸ್ ಬತ್ತದೇನವ್ವಾ?" ಎಂದು ಕೇಳಿದರು. ಈ ಮಾತನ್ನು ಕೋರ್ಟಿನಲ್ಲಿ ಅವರನ್ನು ಯಾರೂ ಕೇಳಿರಲಿಲ್ಲ.

ಮೇಲ್ಮನವಿ ಹೈಕೋರ್ಟಿನಲ್ಲಿ ಹಾಗೇ ಕೂತಿತ್ತು. ಹೋದ ವರ್ಷ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಓನರಮ್ಮ ಏಳಲಿಲ್ಲ. ತಿಥಿ ಮುಗಿದ ಮೇಲೆ ಸೊಸೆ ನನ್ನನ್ನು ಕರೆದುಕೊಂಡು ವಕೀಲರ ಬಳಿ ಹೋದಳು. ಅವಳಿಗೆ ಬೇಕಾದದ್ದು ಒಂದೇ, ಅತ್ತೆ ಮಾಡಿದ್ದು ತಪ್ಪಲ್ಲ ಎಂದು ಕೋರ್ಟು ಹೇಳಬೇಕು. ಅಪರಾಧಿ ಸತ್ತರೆ ಮೇಲ್ಮನವಿಯೂ ಸಾಯುತ್ತದೆ, ಹತ್ತಿರದ ಸಂಬಂಧಿ ತಿಂಗಳೊಳಗೆ ಅರ್ಜಿ ಹಾಕಿದರೆ ಮಾತ್ರ ಮುಂದುವರಿಸಬಹುದು ಎಂದರು ವಕೀಲರು. ನಾನೇ ಹಾಕುತ್ತೇನೆ, ಎಲ್ಲಿ ರುಜು ಮಾಡಲಿ ಎಂದು ಅವಳು ಕೈಚಾಚಿದಳು. ಅವರು ಕಾಗದ ಕೊಡಲಿಲ್ಲ. ಗಂಡ, ಹೆಂಡತಿ, ತಂದೆತಾಯಿ, ಮಕ್ಕಳು ಮೊಮ್ಮಕ್ಕಳು, ಒಡಹುಟ್ಟಿದವರು, ಇಷ್ಟೇ ಜನ ಹತ್ತಿರದವರು. ಓನರಮ್ಮನಿಗೆ ಉಳಿದಿದ್ದವನು ಮಗನೊಬ್ಬನೇ.

"ಸೊಸೆ ಬರಲ್ಲಮ್ಮ ಅದ್ರಲ್ಲಿ" ಎಂದರು.

"ನಾನ್ ಅವ್ರಿಗೆ ಏನೂ ಅಲ್ವಾ ಸಾರ್?"

ಕಾನೂನಿನಲ್ಲಿ ಅಲ್ಲ ಎಂದು ವಕೀಲರು ತಲೆ ತಗ್ಗಿಸಿದರು. ಮನೆಗೆ ಬಂದು ಅವಳು ಗಂಡನ ಕಾಲು ಹಿಡಿದಳು. ಸತ್ತವರಿಗೆ ಯಾವ ಕೇಸು ಎಂದು ಅವನು ಎದ್ದು ಹೋದ. ತಿಂಗಳು ಕಳೆಯಿತು. ನಮ್ಮ ಓನರಮ್ಮ ಈಗಲೂ ಅಪರಾಧಿ, ಇನ್ನು ಮುಂದೆಯೂ ಅಪರಾಧಿಯೇ.