ಅದಕ್ಕೂ ಒಂದು ಸ್ಟಾಪ್ ಐತಿ

ಅಕ್ಕನ ಮುಂದಿನ ಎರಡು ಹಲ್ಲುಗಳಿರಲಿಲ್ಲ. ಆ ಸಂದಿಯಲ್ಲಿ ಸೀಟಿ ಸಿಕ್ಕಿಸಿಕೊಂಡು ಊದಿದಳೆಂದರೆ ಬಸ್ಸಿನ ಬಾಗಿಲಿಗೆ ಜೋತುಬಿದ್ದವರೂ ತೆಪ್ಪಗೆ ಒಳಗೆ ಬರುತ್ತಿದ್ದರು. ಹೀಗೆ ಕಚ್ಚಿಕೊಂಡರೆ ಎರಡೂ ಕೈ ಖಾಲಿ ಉಳಿಯುತ್ತವೆ ಎಂಬುದು ಅವಳ ಲೆಕ್ಕ. ಒಂದು ಕೈ ಟಿಕೆಟ್ ಮಷಿನ್ನಿಗೆ, ಇನ್ನೊಂದು ಯಾರಿಗಾದರೂ ಬಾರಿಸುವುದಕ್ಕೆ. ಆ ಹಲ್ಲುಗಳನ್ನು ಅವಳು ಕಳೆದುಕೊಂಡದ್ದು ನನಗಾಗಿ.

ನಾನು ಸರ್ಕಾರಿ ಬಸ್ಸಿನ ಡ್ರೈವರ್. ಕುಷ್ಟಗಿಯಿಂದ ತಾವರಗೇರಾ ಮಾರ್ಗವಾಗಿ ಗಂಗಾವತಿಗೆ ಹೋಗುವ ಗಾಡಿ ನನ್ನದು, ಅಕ್ಕ ಅದರ ಕಂಡಕ್ಟರ್. ವಯಸ್ಸಿನಲ್ಲಿ ನನಗಿಂತ ಹಿರಿಯಳೆಂದು ಅಕ್ಕ ಎನ್ನುತ್ತಿದ್ದೆ, ಸಿಟ್ಟು ಮಾತ್ರ ಸದಾ ಮೂಗಿನ ತುದಿಯಲ್ಲಿ. ಕುಡಿದು ಹತ್ತಿದವನು ಯಾರಾದರೂ ಹೆಣ್ಣುಮಕ್ಕಳ ಮೈಮೇಲೆ ವಾಲಿದರೆ ಮುಗಿಯಿತು. ಕುತ್ತಿಗೆಗೆ ಕೈ ಹಾಕಿ, ಗಾಡಿ ಪೂರ್ತಿ ನಿಲ್ಲುವ ಮೊದಲೇ ಕೆಳಗೆ ದಬ್ಬುತ್ತಿದ್ದಳು. ಡಿಪೋಕ್ಕೆ ದೂರು ಹೋಗುತ್ತಿತ್ತು. ಮ್ಯಾನೇಜರ್ ಕರೆದು ಕೇಳಿದರೆ ಅವಳ ಉತ್ತರ ಒಂದೇ: "ನಾ ದಬ್ಬಿಲ್ರಿ ಸರ. ಅವನ ಸ್ಟಾಪ್ ಬಂದಿತ್ತು, ಇಳದ."

ನಮ್ಮ ಕೆಲಸದಲ್ಲಿ ಯಾರೂ ಬರೆದಿಡದ ಪಾಠವೊಂದಿದೆ. ಅಪಘಾತವಾದರೆ ಡ್ರೈವರ್ ಮೊದಲು ಓಡಬೇಕು. ಓಡಿ ಪೊಲೀಸ್ ಠಾಣೆ ಸೇರಿ, ಅವರ ಬೆಂಚಿನ ಮೇಲೆ ಕೂತುಬಿಡಬೇಕು. ತಪ್ಪು ಯಾರದು ಎಂಬ ಮಾತೆಲ್ಲ ಆಮೇಲೆ. ಆ ದಿನ ತಾವರಗೇರಾ ದಾಟಿದ ಮೇಲೆ, ಎದುರಿನಿಂದ ಟ್ರ್ಯಾಕ್ಟರನ್ನು ಹಿಂದಿಕ್ಕಲು ಬಂದ ಬೈಕು ನೇರ ನನ್ನ ಮುಂದಿನ ಚಕ್ರಕ್ಕೆ ಬಿತ್ತು. ನಾನು ಓಡಲಿಲ್ಲ. ಬಿದ್ದವನನ್ನು ಎತ್ತಲು ಇಳಿದೆ. ಅವನ ತಲೆ ನನ್ನ ತೊಡೆಯ ಮೇಲಿರುವಾಗಲೇ ನನ್ನ ಬೆನ್ನಿಗೆ ಮೊದಲ ಕಲ್ಲು ಬಿತ್ತು.

ಎಲ್ಲಿಂದ ಬಂದರೋ ಅಷ್ಟು ಜನ. ಅಂಗಿ ಹಿಡಿದು ರಸ್ತೆಯುದ್ದ ಎಳೆದಾಡಿದರು. ಮುಖಕ್ಕೆ ಒದ್ದರು. ಯಾರೋ ನನ್ನ ಸೊಂಟದ ಬೆಲ್ಟನ್ನೇ ಬಿಚ್ಚಿಕೊಂಡು ಬಾರಿಸಿದ. ಪಕ್ಕೆಲುಬು ಮುರಿದ ಸದ್ದು ನನಗೇ ಕೇಳಿಸಿತು. "ಇವನ್ನ ಇವನ ಗಾಲಿ ಕೆಳಗ ಹಾಕ್ರಿ" ಎಂದು ಯಾರೋ ಅಂದದ್ದೂ ಕೇಳಿಸಿತು. ಅಷ್ಟರಲ್ಲಿ ಭಾರವಾದದ್ದೊಂದು ನನ್ನ ಮೇಲೆ ಬಿತ್ತು. ಮುಗಿಯಿತು ಅಂದುಕೊಂಡೆ. ಬಿದ್ದವಳು ಅಕ್ಕ. ಬೋರಲಾಗಿ ನನ್ನ ಮೈತುಂಬ ಹರಡಿಕೊಂಡಿದ್ದಳು. ಹತ್ತಿರ ಬಂದ ಕೈಯನ್ನು ಕಚ್ಚಿದಳು, ಕಾಲನ್ನು ಉಗುರಿನಿಂದ ಸೀಳಿದಳು. ಒಬ್ಬ ಕಲ್ಲು ಹಿಡಿದು ಅವಳ ಬಾಯಿಗೇ ಗುದ್ದಿದ. ಅವಳ ರಕ್ತ ನನ್ನ ಕಿವಿಯೊಳಗೆ ಬೆಚ್ಚಗೆ ಇಳಿಯಿತು. ಅದೇ ಬಾಯಿಂದ, "ಮದ್ಲ ನನ್ನ ಕೊಲ್ರಿ, ಆಮ್ಯಾಲ ಇವನ್ನ ಮುಟ್ರಿ" ಅಂದಳು. ಪೊಲೀಸರು ಬರುವವರೆಗೂ ಏಳಲಿಲ್ಲ.

ಬೈಕಿನವನು ಬದುಕಲಿಲ್ಲ. ನನ್ನ ತಪ್ಪಿಲ್ಲವೆಂದು ತೀರ್ಮಾನವಾಯಿತು, ಎಲುಬುಗಳೂ ಕೂಡಿದವು. ಕೆಟ್ಟದ್ದು ಶುರುವಾದದ್ದು ಆಮೇಲೆ. ಮತ್ತೆ ಸ್ಟೇರಿಂಗ್ ಹಿಡಿದ ಮೊದಲ ದಿನ ಬೈಕೊಂದು ಹಾರ್ನ್ ಹೊಡೆದು ಪಕ್ಕದಲ್ಲಿ ಹಾದುಹೋಯಿತು, ಅಷ್ಟೇ. ಎದೆ ಒಡೆದುಹೋಗುವಂತೆ ಬಡಿದುಕೊಳ್ಳತೊಡಗಿತು. ಕೈಬೆರಳುಗಳು ಜೋಮು ಹಿಡಿದವು, ಉಸಿರು ಗಂಟಲಲ್ಲೇ ಸಿಕ್ಕಿಕೊಂಡಿತು. ಸಾಯುತ್ತಿದ್ದೇನೆ ಎಂದು ನನಗೆ ಖಾತ್ರಿಯಾಗಿತ್ತು. ಹೇಗೋ ಗಾಡಿ ಬದಿಗೆ ಹಾಕಿದೆ. ಆಸ್ಪತ್ರೆಯಲ್ಲಿ ಇಸಿಜಿ ಮಾಡಿ ಹಾರ್ಟಿಗೆ ಏನೂ ಆಗಿಲ್ಲ ಎಂದರು. ಮರುವಾರ ಮತ್ತೆ ಬಂತು, ಆಮೇಲೆ ಮನೆಯಲ್ಲಿ ಉಣ್ಣುವಾಗಲೂ ಬಂತು.

ಅಕ್ಕನಿಗೆ ಗೊತ್ತಿದ್ದ ಮದ್ದು ಒಂದೇ. "ಅಂಜಿಕಿ ಹೊಕ್ಕೇತಿ, ಬಿಡಸ್ತೀನಿ ತಡಿ" ಎಂದು ಕೆನ್ನೆಗೆ ಬಾರಿಸಿದಳು. ಬಿಡಲಿಲ್ಲ, ಇನ್ನಷ್ಟು ಹೆಚ್ಚಾಯಿತು. ಡಿಪೋದಲ್ಲಿ ಹೆದರುವವರ ಮೇಲೆ ಹಾವು ಎಸೆಯುವವರಿಗೆ ಕೊರತೆಯೇ? ಒಬ್ಬ ಮೆಕ್ಯಾನಿಕ್ ನನ್ನ ಬೆನ್ನ ಹಿಂದೆ ಬಂದು ನಟ್ಟು ಬಿಗಿಯುವ ಪಾನಾದಿಂದ ತಗಡು ಬಡಿದ. ನಾನು ನೆಲಕ್ಕೆ ಕುಸಿದೆ. ಎಲ್ಲರೂ ನಕ್ಕರು. ಅಕ್ಕ ಕೈಯಲ್ಲಿದ್ದ ಬಿಸಿ ಚಹಾವನ್ನು ಅವನ ತಲೆಗೆ ಸುರಿದು, ಖಾಲಿ ಕಪ್ಪನ್ನೂ ಅಲ್ಲೇ ಬಡಿದಳು. ಮಾರನೆಯ ದಿನ ನನ್ನನ್ನು ಕೊಪ್ಪಳದ ಮನೋವೈದ್ಯರ ಹತ್ತಿರ ಎಳೆದುಕೊಂಡು ಹೋದಳು.

"ಇದು ಪ್ಯಾನಿಕ್ ಅಟ್ಯಾಕ್. ಜೀವ ತಗಿಯಂಗಿಲ್ರಿ. ಏರತೈತಿ, ಇಳೀತೈತಿ. ಅದರ ಜೋಡಿ ಗುದ್ದಾಡಿದಷ್ಟೂ ಜೋರಾಕ್ಕೈತಿ" ಎಂದರು ಡಾಕ್ಟರು. ಮಾತ್ರೆ ಬರೆದರು, ಉಸಿರನ್ನು ನಿಧಾನಕ್ಕೆ ಬಿಡುವುದನ್ನು ಕಲಿಸಿದರು, ಕೆಲವು ತಿಂಗಳು ಗಾಡಿ ಮುಟ್ಟಬೇಡ ಎಂದರು. ನಾನು ಡಿಪೋದಲ್ಲಿ ಡೀಸೆಲ್ ಹಾಕುತ್ತ ದಿನ ಕಳೆದೆ. ಡ್ರೈವರ್ ಕೆಲಸ ಹೋಯಿತೆಂದೇ ಅಂದುಕೊಂಡಿದ್ದೆ. ಅಕ್ಕ ಹಾಗೆ ಅಂದುಕೊಳ್ಳಲಿಲ್ಲ.

ಡಾಕ್ಟರು ಒಪ್ಪಿಗೆ ಕೊಟ್ಟ ಮೇಲೆ ಮತ್ತೆ ಅವಳ ಜೊತೆಗೇ ಹೊರಟೆ. ಕನಕಗಿರಿ ಹತ್ತಿರ ಅದು ಬರುವ ಸುಳಿವು ಸಿಕ್ಕಿತು. ಗಾಡಿ ಬದಿಗೆ ನಿಲ್ಲಿಸಿದೆ. ಅಕ್ಕ ಒಂದು ಸೀಟಿ ಹೊಡೆದು ಪ್ರಯಾಣಿಕರತ್ತ ತಿರುಗಿ, "ಗಾಲಿ ಬಿಸಿ ಆಗ್ಯಾವು, ಯಾರೂ ಪಿಟ್ ಅನ್ನಬ್ಯಾಡ್ರಿ" ಎಂದು ಗದರಿದಳು. ಆಮೇಲೆ ನನ್ನ ಪಕ್ಕ ಬಾನೆಟ್ಟಿನ ಮೇಲೆ ಬಂದು ಕೂತಳು.

"ಕುಡದು ಹತ್ತಿದ ಪ್ಯಾಸೆಂಜರ್ ಅಂತ ತಿಳ್ಕೊ, ತಮ್ಮಾ. ಬೈಲಿ, ಒದರ್ಯಾಡ್ಲಿ. ಕುಂಡ್ರಾಕ ಜಾಗಾ ಕೊಡು. ಅದಕ್ಕೂ ಒಂದು ಸ್ಟಾಪ್ ಐತಿ, ಇಳೀತೈತಿ."

"ನೀನರ ಕುಡದವರನ್ನ ದಬ್ಬತೀಯಲ್ಲ ಅಕ್ಕಾ."

"ಅವರಿಗೆ ಕುತಿಗಿ ಇರತೈತಿ. ಇದಕ್ಕ ಎಲ್ಲೈತಿ?"

ನಗು ಬಂತು. ನಗುವಾಗಲೇ ಅದು ಇಳಿಯಿತು. ಅಕ್ಕ ಎರಡು ಸೀಟಿ ಹೊಡೆದಳು, ನಾನು ಗಾಡಿ ಎಳೆದೆ. ಎಷ್ಟೋ ಸಲ ಹೀಗೆ ನಿಂತೆವು. ನಿಲ್ಲುವುದು ಬರಬರುತ್ತ ಅಪರೂಪವಾಯಿತು. ಒಮ್ಮೆ ಅವಳೇ, ಕಿಟಕಿಯಾಚೆ ನೋಡುತ್ತ ಹೇಳಿದಳು: "ಆ ಕಲ್ಲು ಬಿದ್ದಾಗಿಂದ ನನಗೂ ಬರತೈತಿ. ಬಂದಾಗ ಯಾರನ್ನರ ಬೈತೀನಿ." ಅಂದಿನಿಂದ ಅವಳ ಬೈಗುಳ ಕೇಳಿದರೆ ನಾನು ಗಾಡಿಯ ವೇಗ ತಗ್ಗಿಸುತ್ತಿದ್ದೆ.

ಅವಳು ಸತ್ತದ್ದು ಗಂಗಾವತಿ ಬಸ್ ನಿಲ್ದಾಣದಲ್ಲಿ, ಮಟಮಟ ಮಧ್ಯಾಹ್ನ. ಬೇರೆ ಡಿಪೋದ ಗಾಡಿಯೊಂದು ಹಿಂದಕ್ಕೆ ಬರುತ್ತಿತ್ತು, ಅದರ ಕಂಡಕ್ಟರ್ ಎಲ್ಲೂ ಕಾಣಲಿಲ್ಲ. ಅಕ್ಕ ಅವನಿಗೆ ಹಿಡಿಶಾಪ ಹಾಕುತ್ತ ತಾನೇ ಹಿಂದೆ ಹೋಗಿ ಸೀಟಿ ಊದತೊಡಗಿದಳು. ಗಂಟು ಹೊತ್ತ ಮುದುಕಿಯೊಬ್ಬಳು ನಡುವೆ ನುಗ್ಗಿದಳು. ಅಕ್ಕ ಅವಳನ್ನು ಆಚೆ ದಬ್ಬಿದಳು, ತಾನು ಬಸ್ಸಿಗೂ ಕಂಬಕ್ಕೂ ನಡುವೆ ಸಿಕ್ಕಿಕೊಂಡಳು. ಚಹಾದಂಗಡಿಯಲ್ಲಿದ್ದ ನನಗೆ ಸೀಟಿ ಅರ್ಧಕ್ಕೆ ನಿಂತದ್ದು ಕೇಳಿಸಿತು.

"ಹಿಡೀರಿ ಡ್ರೈವರ್‌ನ" ಎಂಬ ಕೂಗು ಎದ್ದಾಗ ನನ್ನ ಕೈಯಲ್ಲಿ ಆಗಲೇ ಜಾಕಿನ ರಾಡು ಇತ್ತು. ಯಾವಾಗ ಗಾಡಿಗೆ ಓಡಿ ಅದನ್ನು ತಂದೆನೋ ನೆನಪಿಲ್ಲ. ಮೊದಲ ಏಟು ನನ್ನದೇ ಆಗಬೇಕಿತ್ತು. ಅವನ ತಲೆ ಒಡೆಯಲೆಂದೇ ಜನರನ್ನು ಸೀಳಿಕೊಂಡು ಹೋದೆ. ಅವನು ಓಡಿರಲಿಲ್ಲ. ಅಕ್ಕನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. "ಕಾಣ್ಲಿಲ್ರಿ, ಕಾಣ್ಲಿಲ್ರಿ" ಅನ್ನುತ್ತಿದ್ದ. ಯಾರೋ ಅವನ ಮುಖಕ್ಕೆ ಒದ್ದರು. ಇನ್ನೊಬ್ಬ ಕೂದಲು ಹಿಡಿದು ಎಳೆದ.

ಆಗಲೇ ಅದು ಬಂತು. ಎದೆ, ಕೈ, ಉಸಿರು, ಎಲ್ಲವೂ ಮೊದಲಿನ ಹಾಗೇ. ದಬ್ಬಲಿಲ್ಲ, ಪ್ಯಾಸೆಂಜರಿನಂತೆ ಹತ್ತಿಸಿಕೊಂಡೆ. ರಾಡು ಎಸೆದು ಅವನ ಮೇಲೆ ಬಿದ್ದೆ.

ಒದೆಗಳು ನನ್ನ ಬೆನ್ನು ಹುಡುಕಿಕೊಂಡು ಬಂದವು. ಹಳೆಯ ಪಕ್ಕೆಲುಬು ಮತ್ತೆ ಮುರಿಯಿತು. ನನ್ನ ಕೆಳಗೆ ಅವನ ಎದೆ ನನ್ನ ಎದೆಯ ಹಾಗೇ ಹುಚ್ಚುಹುಚ್ಚಾಗಿ ಬಡಿದುಕೊಳ್ಳುತ್ತಿತ್ತು. ಅವನ ಕಿವಿಗೆ ಬಾಯಿ ಹಚ್ಚಿ ಹೇಳಿದೆ: "ಅಂಜಬ್ಯಾಡ. ಉಸುರು ಮೆಲ್ಲಕ ಬಿಡು. ಇಳೀತೈತಿ, ಅದಕ್ಕೂ ಒಂದು ಸ್ಟಾಪ್ ಐತಿ." ಪೊಲೀಸರು ಬಂದು ಜನರನ್ನು ಚದುರಿಸಿದರು. ಹೊಡೆತ ನಿಂತ ಮೇಲೂ ನಾನು ಅವನ ಮೇಲಿಂದ ಏಳಲಿಲ್ಲ. ಎದ್ದರೆ ಅಕ್ಕನ ಮುಖ ನೋಡಬೇಕಾಗಿತ್ತು.