ಅಮಾವಾಸ್ಯೆಯ ಸೂಟಿ

ಅವರ ಬಲಗೈಯ ಹೆಬ್ಬೆರಳು, ತೋರುಬೆರಳು ಸದಾ ಒಂದನ್ನೊಂದು ಹೊಸೆಯುತ್ತಿದ್ದವು. ನಡುವೆ ನೂಲಿನ ಎಳೆ ಇರಲಿ, ಬಿಡಲಿ. ದಿವಾನಜಿ ಕಾಕಾ ನಿದ್ದೆಯಲ್ಲೂ ನೂಲು ನೋಡ್ತಾರೆ ಅಂತ ಅವರ ಹೆಂಡತಿ ಕಾಕು ನಗುತ್ತಿದ್ದಳು.

ಆ ದಿನ ಬನಹಟ್ಟಿಯ ಅವರ ಪಡಸಾಲೆಯಲ್ಲಿ ನಾವು ನಾಲ್ವರಿದ್ದೆವು. ಮಂಚದ ಮೇಲೆ ದಿವಾನಜಿ, ಚಹಾ ಹಿಡಿದು ಬಾಗಿಲಲ್ಲಿ ಕಾಕು, ಕುರ್ಚಿಯಲ್ಲಿ ನೂಲಿನ ಅಂಗಡಿಯ ಸಾವಕಾರರು, ನೆಲದ ಮೇಲೆ ಲ್ಯಾಪ್‌ಟಾಪ್ ಬಿಚ್ಚಿಕೊಂಡು ನಾನು. ಬಚ್ಚಲಲ್ಲಿ ಜಾರಿ ಬಿದ್ದು ದಿವಾನಜಿಯವರ ಸೊಂಟ ಮುರಿದಿತ್ತು. ಅಂಗಡಿಯ ಕಡಿದಾದ ಮೆಟ್ಟಿಲು ಇನ್ನು ಹತ್ತುವಂತಿರಲಿಲ್ಲ. ಹರೆಯದಿಂದ ಅಲ್ಲಿಯ ಗಾದಿಯ ಮೇಲೆ ಕೂತು ಲೆಕ್ಕ ಬರೆದ ಮನುಷ್ಯ ಹಿಂದಿನ ವಾರ ನನ್ನೆದುರು ಅಂದಿದ್ದರು: "ಮುಂಜಾನೆ ಎದ್ದಕೂಡ್ಲೆ ನಾ ಯಾರಿಗಿ ಬೇಕು ಅನ್ನೋದ ತಿಳೀವಲ್ದು, ತಮ್ಮಾ."

ನನ್ನನ್ನು ಈ ಕೆಲಸಕ್ಕೆ ಹಚ್ಚಿದವರೇ ಅವರು. "ನಮ್ಮ ಓಣಿ ಹುಡುಗ ಕಂಪ್ಯೂಟರ್ ಕಲ್ತಾನ, ಬೆಳಗಾವಿಯವರನ್ನ್ಯಾಕ ಕರಸ್ತೀರಿ?" ಅಂತ ಸಾವಕಾರರ ಮುಂದೆ ನನ್ನನ್ನು ನಿಲ್ಲಿಸಿದ್ದರು.

ಸಾವಕಾರರಿಗೆ ಜಮಖಂಡಿ, ಮುಧೋಳದಲ್ಲೂ ಅಂಗಡಿಗಳು. ಮೂರೂ ಕಡೆಯ ಬಿಲ್, ದಾಸ್ತಾನು ಒಂದೇ ಕಡೆ ಇರಲೆಂದು ಮುಂಬಯಿಯ ಒಂದು ಕ್ಲೌಡ್ ಸರ್ವರ್ ಬಾಡಿಗೆಗೆ ಹಿಡಿದು, ಅದರ ಮುಂದೆ ಗೇಟ್‌ವೇ ಕೂರಿಸಿದ್ದೆ. ಯಾರೇ ಬರಲಿ, ಆ ಒಂದೇ ಬಾಗಿಲಲ್ಲಿ ತಮ್ಮ ಹೆಸರು, ಪಾಸ್‌ವರ್ಡ್, ಮೊಬೈಲಿಗೆ ಬಂದ ಅಂಕಿ ಕೊಟ್ಟರೆ ಮಾತ್ರ ದೂರದ ಆ ಸರ್ವರಿನ ಪರದೆ ಅವರೆದುರು ತೆರೆಯುತ್ತಿತ್ತು. ಮನೆಯ ಮಂಚದ ಮೇಲಿದ್ದರೂ ಸರಿ.

"ಅಂದ್ರ ಇದು ಊರ ಅಗಸಿ ಬಾಗಲಾ ಇದ್ದಂಗ," ಅಂದರು ದಿವಾನಜಿ. "ಗೋಡಿ ಜಿಗದ ಬರಾವರೂ ಇರ್ತಾರಲೇ, ಹುಷಾರ್!"

"ಅದಕ್ಕಽ ಅಗಸಿ ಕಟ್ಟೇನ್ರಿ ಕಾಕಾ."

ಎಲ್ಲರಿಗೂ ನಾನು ಬಿಲ್ ಮಾಡುವಷ್ಟೇ ಅಧಿಕಾರ ಇಟ್ಟಿದ್ದೆ. ಸಾವಕಾರರು ಒಪ್ಪಲಿಲ್ಲ. "ಅಂಗಡಿ ಕೀಲಿ ಇಷ್ಟ ವರ್ಷ ಅವರ ಉಡದಾರದಾಗ ಐತಿ. ಇದರ ಕೀಲೀನೂ ಪೂರಾ ಅವರಿಗೇ ಕೊಡು." ಕೊಟ್ಟೆ, ಸರ್ವರ್ ಚಾಲೂ-ಬಂದ್ ಮಾಡುವುದನ್ನೂ ಸೇರಿಸಿ. ಕಾಕಾನ ಬೆರಳು ಹೊಸೆಯುವುದನ್ನು ನಿಲ್ಲಿಸಿ ಕೀಲಿಮಣೆಯ ಮೇಲೆ ಇಳಿದವು.

ಮರುದಿನದಿಂದ ಮನುಷ್ಯ ಬೇರೆಯೇ ಆದರು. ಜಳಕ ಮಾಡಿ, ವಿಭೂತಿ ಹಚ್ಚಿಕೊಂಡು, ಲ್ಯಾಪ್‌ಟಾಪಿನ ಮೂಲೆಗೊಂದು ಕುಂಕುಮದ ಬೊಟ್ಟಿಟ್ಟು "ಅಗಸಿ" ಹೊಕ್ಕರೆ ಸಂಜೆಯೇ ಹೊರಗೆ. ಫೋನಿನಲ್ಲಿ ಅಂಗಡಿಗಳನ್ನು ಊರ ಹೆಸರಿನಿಂದಲೇ ಕೂಗುತ್ತಿದ್ದರು. "ಏ ಜಮಖಂಡಿ, ನಿನ್ನ ಗೋದಾಮದಾಗಿನ ನೂಲು ಇಲ್ಲಿ ಕಾಣವಲ್ದು, ಇಲಿ ತಿಂದ್ವೇನು? ಏ ಮುಧೋಳಾ, ಊಟಾ ಆತೇನು?"

"ಮೊದಲ ನನ್ನ ಕೂಡ ಮಾತಾಡತಿದ್ರು, ಈಗ ಮುಧೋಳದ ಕೂಡ," ಅಂತ ಕಾಕು ಮೂಗು ಮುರಿದರೂ ಮುಖ ಅರಳಿರುತ್ತಿತ್ತು.

ನಮ್ಮ ನೇಕಾರ ಓಣಿಯಲ್ಲಿ ಅಮಾವಾಸ್ಯೆಗೆ ಮಗ್ಗಕ್ಕೆ ಸೂಟಿ, ಒಂದು ದಿನದ ರಜೆ. ಒರೆಸಿ, ಎಣ್ಣೆ ಬಿಟ್ಟು, ಪೂಜೆ ಮಾಡುತ್ತಾರೆ. ಅಂದು ಪಟಪಟ ಸದ್ದಿಲ್ಲದ ಊರು ಕಿವಿಗೆ ಬೇರೆ ಊರೇ. ಮಗ್ಗ ನಿಂತಿದೆ ಅಂತ ದಿವಾನಜಿ ಎಂದೂ ಅನ್ನುತ್ತಿರಲಿಲ್ಲ. "ದಣಿವಾರಿಸಿಕೊಳ್ಳಾಕತ್ತೇತಿ" ಅನ್ನುತ್ತಿದ್ದರು.

ಅಂಥದೊಂದು ಅಮಾವಾಸ್ಯೆಗೆ ನಾನು ರನ್ನ ಬೆಳಗಲಿಯಲ್ಲಿ ಬೀಗರ ಮನೆಯ ಊಟಕ್ಕೆ ಕೂತಿದ್ದೆ. ಜಮಖಂಡಿಯಿಂದ ಫೋನು ಬಂತು. ಅಂಗಡಿ ತುಂಬ ಗಿರಾಕಿಗಳು, ಪರದೆ ಬರುತ್ತಿಲ್ಲ. ಮುಧೋಳದಲ್ಲೂ ಅದೇ ಕಥೆ. ಎಂಜಲು ಕೈಯಲ್ಲೇ ಮೊಬೈಲಿನಲ್ಲಿ ನೋಡಿದರೆ, ಸರ್ವರನ್ನೇ ಬಂದ್ ಮಾಡಿದ್ದಾರೆ. ಮಾಡಿದವರು ದಿವಾನಜಿ. ಮತ್ತೆ ಚಾಲೂ ಮಾಡಿ ಅವರಿಗೆ ಫೋನು ಹಚ್ಚಿದೆ.

"ಕಾಕಾ, ಮಶೀನ್ ಯಾಕ ಬಂದ್ ಮಾಡಿದ್ರಿ?"

"ಇವತ್ತ ಅಮಾಸಿ ಅಲ್ಲೇನೋ? ಹಗಲೂ ರಾತ್ರಿ ದುಡೀತೈತಿ ಪಾಪ. ಮಗ್ಗಕ್ಕ ಸೂಟಿ, ಅದಕ್ಕ ಬ್ಯಾಡೇನು?"

ಯಾರೂ ಬೈಯಲಿಲ್ಲ. ಬೈದಿದ್ದರೆ ಜಗಳಾಡಿ, ಮರುದಿನ ಮತ್ತೆ ಕೂರುತ್ತಿದ್ದರೇನೋ. ಎಲ್ಲರೂ ನಕ್ಕೆವು. ಮಾತು ಮೂರೂ ಅಂಗಡಿಗೆ ಹಬ್ಬಿತು. ದಿನಾ ಮುಂಜಾನೆ ಜಮಖಂಡಿಯವರು ಮೊದಲೇ ಫೋನು ಮಾಡಿ, "ಏ ಬನಹಟ್ಟಿ, ಇವತ್ತ ಅಮಾಸಿ ಅಲ್ಲಲ್ರಿ?" ಅನ್ನುತ್ತಿದ್ದರು. ಮೊದಮೊದಲು ಕಾಕಾ ತಾವೂ ನಕ್ಕರು. ಆಮೇಲೆ ಫೋನು ಎತ್ತುವುದನ್ನೇ ಬಿಟ್ಟರು.

ಸರ್ವರ್ ಬಂದ್ ಮಾಡುವ ಗುಂಡಿಯನ್ನೇ ಅವರ ಪರದೆಯಿಂದ ತೆಗೆದು, ಖುಷಿಯಿಂದ ಹೇಳಲು ಹೋದೆ. "ಇನ್ನ ಚಿಂತಿ ಇಲ್ರಿ ಕಾಕಾ. ಬಂದ್ ಮಾಡ್ತೀನಂದ್ರೂ ಆಗೂದಿಲ್ಲ."

ಗುಂಡಿ ಇದ್ದ ಜಾಗದ ಮೇಲೆ ಅವರು ಬೆರಳಾಡಿಸಿದರು.

"ಕೀಲಿ ಕೈಯಾಗ ಇಟ್ಟು, ಬಾಗಿಲಾ ಹಾಕಾಕ ಬರದಂಗ ಮಾಡಿದಿ. ಅದ್ಯಾತರ ಕೀಲಿನೋ ತಮ್ಮಾ? ನನ್ನ ಹೆಸರ ತಗದಬಿಡು."

ಎಷ್ಟು ಹೇಳಿದರೂ ಕೇಳಲಿಲ್ಲ. ಸಾವಕಾರರು ಬಂದು ಕೈ ಹಿಡಿದರೂ ಇಲ್ಲ. ಉಡದಾರದ ಕೀಲಿಯನ್ನೂ ಬಿಚ್ಚಿ ಅವರ ಅಂಗೈಯಲ್ಲಿಟ್ಟರು. ಕಾಕು ಲ್ಯಾಪ್‌ಟಾಪಿನ ಮೇಲೊಂದು ಖಣದ ಬಟ್ಟೆ ಹೊದಿಸಿದಳು. ನಾನು ಹೋದಾಗಲೆಲ್ಲ ಕಾಕಾ ಚಹಾ ಕುಡಿಸಿ, ಮಳೆಯ ಮಾತು, ಕಬ್ಬಿನ ಮಾತು ಆಡುತ್ತಿದ್ದರು. ಬೆರಳು ಮಾತ್ರ ಬರಿದೇ ಹೊಸೆಯುತ್ತಿದ್ದವು. ನಾವು ಅಂದು ಸುಮ್ಮನಿದ್ದಿದ್ದರೆ ಅಂತ ಈಗಲೂ ಅನಿಸುತ್ತದೆ. ಅಷ್ಟು ನಗುವಂಥದ್ದು ಅಲ್ಲೇನಿತ್ತು?

ಚಳಿಗಾಲದಲ್ಲಿ ಅವರು ತೀರಿಕೊಂಡರು.

ಮುಂದಿನ ಅಮಾವಾಸ್ಯೆಯ ಹಿಂದಿನ ದಿನ ಸಾವಕಾರರ ಫೋನು ಬಂತು. "ಜಮಖಂಡಿ, ಮುಧೋಳಕ್ಕ ಹೇಳೇನಿ. ನಾಳೆ ಬಿಲ್ ಕೈಲೇ ಬರೀತಾರ. ಆ ಮಶೀನ್ ದಣಿವಾರಿಸಿಕೊಳ್ಳಲಿ."

ಮುಂಜಾನೆ ಜಳಕ ಮಾಡಿ, ಅಗಸಿ ಹೊಕ್ಕು, ಸರ್ವರ್ ಬಂದ್ ಮಾಡಿದೆ. ಅಂದು ಯಾವ ಊರಿಂದಲೂ ಫೋನು ಬರಲಿಲ್ಲ.