ದೇಸೂರಿನ ಟಿಕೆಟ್ ಕೇಳುತ್ತಿದ್ದ ವೈನಿ

ಮೊನ್ನೆ ಶಾಲೆಯ ಗ್ಯಾದರಿಂಗಿನಲ್ಲಿ ನಾಟಕ ಮಾಡಿ ಬಂದ ಮೊಮ್ಮಗಳ ಮುಖದ ಬಣ್ಣವನ್ನು ಕೊಬ್ಬರಿ ಎಣ್ಣೆ ಹಚ್ಚಿ ಒರೆಸುತ್ತಿದ್ದೆ. ಎಣ್ಣೆ, ಪೌಡರು ಕಲೆತ ಆ ವಾಸನೆಗೆ ವಡಗಾವಿಯ ನಮ್ಮ ಬಾಜೂ ಮನೆಯ ವೈನಿ ನೆನಪಾದರು... ಸ್ವಂತ ಅತ್ತಿಗೆಯಲ್ಲದಿದ್ದರೂ ಓಣಿಯವರೆಲ್ಲ ವೈನಿ ಎಂದೇ ಕರೆಯುತ್ತಿದ್ದೆವು.

ಅವರ ಗಂಡ ಮಗ್ಗದ ಕೆಲಸಗಾರ. ವೈನಿ ಆರ್ಕೆಸ್ಟ್ರಾದವರ ಜೊತೆ ಹೋಗಿ, ಎರಡು ಹಾಡುಗಳ ನಡುವೆ ಒಬ್ಬರೇ ನಿಂತು ಜನರನ್ನು ನಗಿಸುತ್ತಿದ್ದರು. ದೇಸೂರ ಟಿಕೆಟಿನ ಆಟವೆಂದರೆ ಎಲ್ಲರಿಗೂ ಪ್ರೀತಿ. ರೈಲ್ವೆ ಸ್ಟೇಷನ್ನಿನಲ್ಲಿ ಕನ್ನಡದ ಹೆಂಗಸು ದೇಸೂರಿಗೆ ಟಿಕೆಟ್ ಕೇಳುತ್ತಾಳೆ. ಮರಾಠಿ ಸ್ಟೇಷನ್ ಮಾಸ್ತರ 'ಕಾಯ್?' ಎನ್ನುತ್ತಾನೆ, ಏನು ಅಂತ. ಇವಳು, 'ಕಾಯಿ ಇಲ್ರೀ ಚೀಲದಾಗ, ಬರೇ ಅಕ್ಕಿ ಐತ್ರಿ' ಎನ್ನುತ್ತಾಳೆ. ಎರಡೂ ಭಾಷೆ ಬಲ್ಲ ಖಾನಾಪುರದ ಮಂದಿ ಬಿದ್ದು ಬಿದ್ದು ನಗುತ್ತಿದ್ದರು.

ಮಗ್ಗ ನಿಂತ ಮೇಲೆ ಗಂಡ ಹೆಂಡತಿ ಮುಂಬೈಗೆ ಹೋದರು. ಅಲ್ಲಿ ವೈನಿಯ ಹಾಸ್ಯ ಯಾರಿಗೂ ತಿಳಿಯಲಿಲ್ಲ. ಒಂದು ಸಲ ಯಾರೂ ನಗದಿದ್ದಾಗ, ವೇದಿಕೆಯ ಮೇಲೆ ಸುಮ್ಮನೆ ನಿಂತು ಜನರನ್ನು ದಿಟ್ಟಿಸಿದರಂತೆ. ಆ ನೋಟ ಕಂಡ ಧಾರಾವಾಹಿಯವನೊಬ್ಬ ಪಾತ್ರ ಕೊಟ್ಟ. ಸೊಸೆಗೆ ವಿಷ ಹಾಕುವ ಅತ್ತೆ. ವರ್ಷಗಟ್ಟಲೆ ಅದೇ...

ತಮ್ಮ ತಂಗಿಯ ಮಗಳ ಮದುವೆಗೆ ಅವರು ಖಾನಾಪುರಕ್ಕೆ ಬಂದಾಗ ನಾನೂ ಹೋಗಿದ್ದೆ. ಮನೆಯಲ್ಲಿ ಮರಾಠಿ ಆಡುವ ಬೀಗರ ಕಡೆಯ ಮುದುಕಿಗೆ ವೈನಿ ಕುಂಕುಮ ಹಚ್ಚಲು ಹೋದರೆ ಆಕೆ ಮುಖ ಹಿಂದಕ್ಕೆಳೆದಳು.

"ನೀ ಹಚ್ಚಬ್ಯಾಡ. ಸೊಸಿಗಿ ಇಷಾ ಹಾಕಿದಾಕಿ ನೀ."

ಮದುಮಗಳ ಕಣ್ಣಲ್ಲಿ ನೀರು. ತಂಗಿ ಅಕ್ಕನನ್ನು ಒಳಗೆ ಕರೆದಳು. ವೈನಿ ಹೋಗಲಿಲ್ಲ. ತಟ್ಟೆ ಕೆಳಗಿಟ್ಟು, ಮುದುಕಿಯ ಎದುರು ಕುಳಿತು, "ಆಯಿ, ದೇಸೂರಕ್ಕ ಒಂದು ಟಿಕೀಟ್ ಕೊಡ್ರಿ" ಎಂದರು.

"ಕಾಯ್?" ಎಂದಳು ಮುದುಕಿ, ಏನೂ ತಿಳಿಯದೆ.

"ಕಾಯಿ ಇಲ್ರೀ ಚೀಲದಾಗ..."

ಮಂಟಪವೆಲ್ಲ ನಕ್ಕಿತು. ಮುದುಕಿ ತುಟಿ ಬಿಗಿಹಿಡಿದು ತಡೆದಳು, ಆಗಲಿಲ್ಲ. ಆಮೇಲೆ ಕಣ್ಣೊರೆಸಿಕೊಂಡು ತಾನೇ ಹಣೆ ಮುಂದೆ ಮಾಡಿದಳು.

ಊಟಕ್ಕೆ ಕುಳಿತಾಗ ವೈನಿ ನನಗೆ ಹೇಳಿದರು: "ಅಲ್ಲೆ ಎಲ್ಲಾರೂ ನನ್ನ ನೋಡಿ ಅಂಜತಾರವಾ. ಮಂದಿ ನಕ್ಕಿದ್ದು ನೋಡಿ ಎಷ್ಟು ವರ್ಷ ಆತು..." ಹೋಳಿಗೆ ಮುರಿದರು.

ಹೋದ ವರ್ಷ ವೈನಿ ಮುಂಬೈಯಲ್ಲೇ ತೀರಿಕೊಂಡರು. ತಂಗಿಯ ಮಗಳು ಫೋನ್ ಮಾಡಿ ತಿಳಿಸಿದಳು. ಆ ವಾರವೇ ಧಾರಾವಾಹಿಯಲ್ಲಿ ಅವರ ಜಾಗಕ್ಕೆ ಬೇರೊಬ್ಬಳು ಬಂದಳು. ಕಥೆ ನಿಲ್ಲಲಿಲ್ಲ.

ಈಗಲೂ ನನ್ನ ಸೊಸೆ ಅದನ್ನು ತಪ್ಪದೆ ನೋಡುತ್ತಾಳೆ. ನಿನ್ನೆಯೂ ಟಿವಿ ಹಚ್ಚಿಕೊಂಡು ಕುಳಿತಿದ್ದಳು.

"ಅತ್ತಿ, ಇಕಿಗಿಂತ ಮೊದಲಿನಾಕಿನ ಭಾಳ ಕೆಟ್ಟಾಕಿ ಇದ್ಲು ನೋಡ್ರಿ" ಎಂದಳು.

"ಆಕಿ ಮಂದೀನ ಭಾಳ ನಗಸ್ತಿದ್ಲವಾ" ಎಂದೆ.

ಸೊಸೆ ನಂಬಲಿಲ್ಲ. ಆ ಟಿಕೆಟಿನ ಆಟ ಮಾಡಿ ತೋರಿಸಲು ನನಗೆ ಬರುವುದಿಲ್ಲ.